ಕೋಣೆ ಇದೆ

ಜಾಬ್ಲ್ಯಾಕ್ ಬಸ್‌ಸ್ಟ್ಯಾಂಡಿನಲ್ಲಿ ನಾವು ಐದು ಜನ ಹೆಂಗಸರು,
ಕೈಯಲ್ಲಿ ರಟ್ಟಿನ ತುಂಡು: ಕೋಣೆ ಇದೆ.
ವುಕೊಸಾವಳ ರಟ್ಟಿನಲ್ಲಿ ಈ ವರ್ಷ
ಬಿಸಿನೀರೂ ಇದೆ, ವೈಫೈಯೂ ಇದೆ.
ನನ್ನದು ರಾದುಲ್ ಬರೆದದ್ದು,
ಆರು ಬೇಸಿಗೆಯ ಮಳೆಗೆ ಅಕ್ಷರ ಇಳಿದಿದೆ.

ಇಳಿದವರು ದುರ್ಮಿಟೋರ್ ಬೆಟ್ಟವನ್ನೊಮ್ಮೆ
ನಮ್ಮನ್ನೊಮ್ಮೆ ನೋಡುತ್ತಾರೆ.
ತಾವೇ ಆರಿಸುತ್ತಿದ್ದೇವೆ ಅಂದುಕೊಂಡಿದ್ದಾರೆ, ಪಾಪ.
ನಾನು ಅವರ ಬೂಟು ನೋಡುತ್ತೇನೆ.
ಹೊಸ ಬೂಟಿನವರನ್ನು ವುಕೊಸಾವಳಿಗೇ ಬಿಡುತ್ತೇನೆ.
ಅವರಿಗೆ ರಾತ್ರಿ ಹಲಗೆ ಕಿರುಗುಟ್ಟಿದರೆ ಆಗಿಬರುವುದಿಲ್ಲ,
ಕೊಟ್ಟಿಗೆಯ ವಾಸನೆಗೂ ದರ ಇಳಿಸೆನ್ನುತ್ತಾರೆ.

ಮೊನ್ನೆ ಒಬ್ಬಳು ಬಂದಳು,
ಹರಿದ ಲೇಸಿಗೆ ಗೋಣಿದಾರ ಕಟ್ಟಿದವಳು.
ಮನೆಯವರೆಗೂ ದರ ಕೇಳಲಿಲ್ಲ.
ನಾಯಿಯ ಹೆಸರೇನು ಎಂದಳು.
ಹನ್ನೊಂದು ವರ್ಷದ ನಾಯಿ, ಏ ಎಂದರೆ ಬರುತ್ತದೆ,
ಹೆಸರು ಯಾರಿಗೆ ಬೇಕಿತ್ತು?

ಒಲೆಗೆ ಒಣಗಿದ ಬೀಚ್ ಕಟ್ಟಿಗೆ ಇಟ್ಟೆ,
ರಟ್ಟೆ ನೋಯುವವರೆಗೆ ಕಚಮಾಕ್ ತೊಳಸಿದೆ,
ಚೀಸ್ ಎಳೆ ಎಳೆಯಾಗಿ ಎದ್ದು ಬರುವಷ್ಟು.
ಎರಡು ಸಲ ಬಡಿಸಿಕೊಂಡಳು.

ಬೆಳಿಗ್ಗೆ ಅವಳು ಕಾಡಿನ ದಾರಿ ಹಿಡಿದ ಮೇಲೆ
ಅಂಗಳದಲ್ಲಿ ನಿಂತು, ಯಾರೂ ಇಲ್ಲವೆಂದು ನೋಡಿಕೊಂಡು,
ನಾಯಿಗೆ ನಾಲ್ಕು ಹೆಸರು ಕೂಗಿದೆ. ಕದಲಲಿಲ್ಲ.

ರಾದುಲ್, ಎಂದೆ.

ಎದ್ದು, ಬಾಲ ಆಡಿಸುತ್ತ,
ಗೇಟಿನತ್ತ ಓಡಿತು.