ಪುಂಡಲೀಕನ ಕಾಲಂ

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ನಾನು ಗುಮಾಸ್ತ.
ಎಷ್ಟು ಗಡ್ಡೆ ಹೋಯಿತು, ಯಾವ ಬೋಟಿಗೆ, ಯಾರದು ಬಾಕಿ,
ಇದೆಲ್ಲ ಪುಸ್ತಕದ ಮುಂದಿನಿಂದ.
ಹಿಂದಿನಿಂದ ಮಗುಚಿದರೆ ಫುಟ್‌ಬಾಲು.

ಶುಕ್ರವಾರ ಸಂಜೆ ನಾಲ್ಕು ಗೆರೆ ಎಳೆಯುತ್ತೇನೆ, ಐದು ಕಾಲಂ.
ಎಡಕ್ಕೆ ವಾರದ ಆರು ಆಟ:
ಮಡಗಾಂವಕ್ಕೆ ಕೊಚ್ಚಿ, ಕೋಲ್ಕತ್ತಕ್ಕೆ ಚೆನ್ನೈ...
ಗೆಲ್ಲುವವರನ್ನು ಹೇಳಿದರೆ ಒಂದು ಅಂಕ,
ಡ್ರಾ ಅಂದು ಡ್ರಾ ಆದರೆ ಎರಡು.
ದುಡ್ಡಿಲ್ಲ. ದುಡ್ಡಿಟ್ಟರೆ ದೋಸ್ತಿ ಬಿಸಿಲಿಗಿಟ್ಟ ಗಡ್ಡೆ
ಎಂದವನು ಮುಕ್ತಾರ, ರಿಕ್ಷಾ ಸೀಟಿನಲ್ಲಿ ಕಾಲು ಚಾಚಿ.
ಕೊನೆಗುಳಿದವರು ಸೋಮವಾರ ಎಲ್ಲರಿಗೂ
ಬನ್ನು, ಪಾತಳ ಭಾಜಿ. ಅಷ್ಟೇ ಶಿಕ್ಷೆ.

ಜುಜೆ ರೆಬೆಲೊ, ಕಾಜುಬಾಗದ ದರ್ಜಿ,
ಶಾಲೆಯಲ್ಲಿ ಗೋಲಿ, ಮೊಣಕಾಲು ಹೋಗುವ ತನಕ.
ಯಾವ ಆಟಗಾರ ಎಡಗಾಲಿನವನು, ಯಾರಿಗೆ ಜ್ವರ,
ಎಲ್ಲ ಗೊತ್ತು ಅವನಿಗೆ. ಎಲ್ಲ ಹೇಳಿ, ಎಲ್ಲ ತೂಗಿ,
ಕೊನೆಗೆ ಮಡಗಾಂವ ಅನ್ನುತ್ತಾನೆ.
ಬನ್ನಿನ ಅಂಗಡಿಯಲ್ಲಿ ಅವನ ಹೆಸರಿನ ಲೆಕ್ಕವೇ ಬೇರೆ ಇದೆ.

ಶ್ಯಾಮಲಿ ಮೇಸ್ತಳಿಗೆ ಆಫ್‌ಸೈಡ್ ಅಂದರೆ ಎಂಥದೋ ತಿಳಿಯದು.
ಬುಟ್ಟಿ ನೋಡಿ ಬಂಗಡೆಯ ತೂಕ ಹೇಳುವ ಹರಾಜಿನವಳು,
ಕೇಳುವುದು ಒಂದೇ: ಹೋದ ವಾರ ಸೋತವರು ಯಾರು?
"ಬರಿಗೈಲಿ ಬಂದ ಬೋಟು
ಮರುದಿನ ಮೊದಲು ಹೊರಡ್ತದೆ."
ಹನ್ನೊಂದು ಅಂಕ ಮುಂದಿದ್ದಾಳೆ ನಮಗಿಂತ.

ಐದನೆಯ ಕಾಲಂ ಪುಂಡಲೀಕ ತಾಂಡೇಲನದು.
ದೀಪದ ಕಂಬದ ದ್ವೀಪ ದಾಟಿದರೆ ಮೊಬೈಲಿಗೆ ಜೀವವಿಲ್ಲ,
ಹಾಗಾಗಿ ಹೊರಡುವಾಗಲೇ ಎರಡು ವಾರದ್ದು ಹೇಳಿ ಹೋಗುತ್ತಾನೆ,
ಬೋಟಿನ ಅಂಚಲ್ಲಿ ನಿಂತು, ಐಸು ಪುಡಿಯಾಗುವ ಸದ್ದಿನ ಮೇಲೆ.
ಅರ್ಧ ಕಿವಿಯಿಂದ ಬರೆಯುತ್ತೇನೆ, ಅರ್ಧ ಅವನ ತುಟಿ ನೋಡಿ.
ಹೆಚ್ಚಾಗಿ ಡ್ರಾ.
"ಇಬ್ಬರೂ ದಣೀತಾರೆ ಮಾರಾಯಾ, ಬರಿ."

ಈ ಜನವರಿಯಲ್ಲಿ ಮೂರನೆಯ ಶುಕ್ರವಾರವೂ ಅವನು ಬರಲಿಲ್ಲ.
ವೈರ್‌ಲೆಸ್ಸಿನಲ್ಲಿ ಬೇರೆ ಬೋಟಿನವರು ಹೇಳಿದ್ದು:
ಶಾಫ್ಟು ಮುರಿದಿದೆ, ಜನ ಕ್ಷೇಮ, ಎಳೆದು ತರುತ್ತಿದ್ದಾರೆ.
ಚೆನ್ನೈಯೋ ಕೋಲ್ಕತ್ತವೋ ಕೇಳಿ ಅನ್ನುವ ಧೈರ್ಯ
ಯಾರಿಗಿದ್ದೀತು, ಓನರು ಪಕ್ಕದಲ್ಲೇ ನಿಂತಿರುವಾಗ.

ಸೊನ್ನೆ ಬರೆ, ಎಂದ ಮುಕ್ತಾರ. ನಿಯಮ ನಿಯಮವೇ.
ಖಾಲಿ ಬಿಡಬೇಡ, ಎಂದಳು ಶ್ಯಾಮಲಿ. ಕಣ್ಣಿಗೆ ಕಾಣ್ತದೆ.
ಸರಿ, ಅವನಿದ್ದರೆ ಏನು ಹೇಳುತ್ತಿದ್ದ?

ಕತ್ತಲಾಯಿತು.
ಚೆನ್ನೈಗೆ ಎದುರು ಹೇಳುವವನೇ ಅಲ್ಲ, ಮುಕ್ತಾರ ಅಂದ,
ಅಲ್ಲಿಯ ಆಸ್ಪತ್ರೆಯಲ್ಲಿ ತಿಂಗಳು ಮಲಗಿದ್ದಾಗ
ಯಾರೋ ದಿನಾ ಗಂಜಿ ತಂದು ಕೊಟ್ಟಿದ್ದರಂತೆ.
ನಮಗದು ಗೊತ್ತೇ ಇರಲಿಲ್ಲ.
ಹೊರ ಊರಿಂದ ಬಂದು ಆಡುವವರ ಕಡೆಗೇ ಅವನು, ಎಂದ ಜುಜೆ,
ತಾನೂ ಸದಾ ಹೊರಗೇ ಇರುವವನಲ್ಲವೇ.
ಇಲ್ಲ, ಎಂದಳು ಶ್ಯಾಮಲಿ, ಅವನಿಗೆ ಯಾರೂ ಸೋಲಬಾರದು.
ನನ್ನ ಸರದಿ ಬಂತು. ಕೋಲ್ಕತ್ತ, ಅಂದೆ,
ಖಾತ್ರಿಯಿಂದಲೇ. ಹದಿಮೂರು ವರ್ಷ
ಅವನ ಮಾತು ಬರೆದ ಕೈ ಇದು.
ಆ ವಾರ ನಮ್ಮ ನಮ್ಮ ಆಟಗಳನ್ನು
ಐದು ನಿಮಿಷದಲ್ಲಿ ಗೀಚಿ ಮುಗಿಸಿದೆವು.

ಪುಂಡಲೀಕನ ಕಾಲಮಿಗೆ ಎಂಟು ಅಂಕ.
ಅವನಿದ್ದಾಗ ಒಮ್ಮೆಯೂ ಬಂದದ್ದಲ್ಲ ಅಷ್ಟು.

ಬುಧವಾರ ಬೋಟು ಹಗ್ಗಕ್ಕೆ ಬಿದ್ದು ಬಂತು,
ಚೌತಿ ಬಲಿಗೆ ಹೊರಟ ಎಮ್ಮೆಯ ಹಾಗಲ್ಲ,
ಶಾಲೆಗೆ ಎಳೆಸಿಕೊಂಡು ಬರುವ ಹುಡುಗನ ಹಾಗೆ.
ಗಡ್ಡಕ್ಕೆ ಉಪ್ಪು ಹತ್ತಿದ ಪುಂಡಲೀಕ
ಚಾ ಕುಡಿಯುವ ಮೊದಲು ಪುಸ್ತಕ ಕೇಳಿದ.
ಹಿಂದಿನಿಂದ ಮಗುಚಿದ. ಬೆರಳಿಟ್ಟು ಇಳಿದ.
ಚೆನ್ನೈಯ ಹತ್ತಿರ ನಿಂತು ಮುಕ್ತಾರನನ್ನು ನೋಡಿದ.
ಮುಂದೆ ಹೋದ. ನಕ್ಕ. ತಟ್ಟನೆ ಹುಬ್ಬು ಗಂಟಿಕ್ಕಿತು.
"ಕೋಲ್ಕತ್ತ? ನಾನು ಎಂತಕ್ಕೆ ಕೋಲ್ಕತ್ತ ಅಂತೇನೆ?"
ನನ್ನ ಕಿಸೆಯ ಪೆನ್ನು ತೆಗೆದು
ಗೆದ್ದ ಆಟವನ್ನೇ ಹೊಡೆದು ಹಾಕಿದ. ಎಂಟು ಏಳಾಯಿತು.
"ಯಾರು ಹೇಳಿದ್ದು ಇದನ್ನ?"

ಜುಜೆ ಹೊರಗೆ ನೋಡಿದ. ಶ್ಯಾಮಲಿ ಸೆರಗಿನ ಅಂಚು ನೋಡಿದಳು.
ಚೂಟಿಯಲ್ಲಿ ಒಂದು ಗಡ್ಡೆ ಜಾರಿ ಕೆಳಗೆ ಒಡೆಯಿತು.

ಆ ವಾರವೂ ಕೊನೆಗುಳಿದವನು ಜುಜೆಯೇ.
ಬನ್ನಿನ ದುಡ್ಡು ಮಾತ್ರ ನಾನು ಕೊಟ್ಟೆ.