ಹಸಿರು ಮುಳ್ಳು

ಟಿಡ್‌ಬಿನ್‌ಬಿಲ್ಲಾ ಕಣಿವೆ. ಸೆಪ್ಟೆಂಬರಿನ ಚಳಿ ಇನ್ನೂ ಬಿಟ್ಟಿಲ್ಲ.
ಆಕಾಶಕ್ಕೆ ಬೋರಲಾದ ಆ ದೊಡ್ಡ ಕಿವಿಯ ಬುಡದಲ್ಲಿ
ಕಾಂಗರೂಗಳು ಹುಲ್ಲು ಮೇಯುತ್ತಿವೆ,
ಮೇಲೆ ಸಾಯುತ್ತಿರುವುದು ಯಾರೆಂದು ಕೇಳದೆ.

ಆಯ್ಲ್ಸಾ ಡ್ರಮಂಡ್ ಉಣ್ಣೆ ಟೊಪ್ಪಿ ತೆಗೆದು
ಕುರ್ಚಿಯ ಬೆನ್ನಿಗೆ ಸಿಕ್ಕಿಸಿದಳು.
ಪರದೆಯಲ್ಲಿ ಹಸಿರು ಗೆರೆ, ಗೆರೆಯ ನಡುವೆ
ನೆಟ್ಟಗೆ ನಿಂತ ಒಂದು ಮುಳ್ಳು.
ಮುಳ್ಳು ಇರುವ ತನಕ ನೌಕೆ ಇದೆ ಎಂದು ಲೆಕ್ಕ.

ಲೆಕ್ಕ ಸುಳ್ಳೆಂದು ಅವಳಿಗೂ ಗೊತ್ತು.
ಅಲ್ಲಿಂದ ಇಲ್ಲಿಗೆ ಬೆಳಕಿಗೇ ಎಂಬತ್ತಮೂರು ನಿಮಿಷದ ದಾರಿ.
ಮೈಕ್ರೋವೇವಿನ ಪೈ ಅಂಚಿನಲ್ಲಿ ಸುಟ್ಟು
ನಡುವೆ ತಣ್ಣಗಿದ್ದುದಕ್ಕೆ ಅವಳು ಬೈಯುತ್ತಿದ್ದಾಗಲೇ
ಅದು ಉರಿದುಹೋಗಿತ್ತು.
ಸತ್ತವರ ಕಾಗದ ಬರುವುದುಂಟಲ್ಲ,
ಇತ್ತ ಎಲ್ಲ ಕ್ಷೇಮ ಎಂಬ ಮೊದಲ ಸಾಲಿನ ಜೊತೆ,
ಹಾಗೆ.

ನನ್ನ ಮಾತಿನಲ್ಲಿ ಶನಿ ಹೆಗಲೇರಿದರೆ
ಏಳೂವರೆ ವರ್ಷ ಇಳಿಯುವುದಿಲ್ಲ.
ಇಲ್ಲಿ ತಿರುವುಮುರುವು.
ಏಳು ವರ್ಷಕ್ಕೆ ತುಸು ಕಡಿಮೆ ನಡೆದು
ಒಂದು ಲೋಹದ ಹುಳು ಅವನ ಹೆಗಲೇರಿ
ಹದಿಮೂರು ವರ್ಷ ಕೂತಿತು,
ಬಳೆಯ ಧೂಳು ಎಣಿಸುತ್ತ, ಚಂದ್ರರ ಮೈ ತಡವುತ್ತ.
ಪಾಪ, ಅವನು ಯಾರ ಗುಡಿಯಲ್ಲಿ
ಎಳ್ಳೆಣ್ಣೆ ಹಚ್ಚಬೇಕು?

ಕ್ವೀನ್‌ಬಿಯನ್‌ನಿಂದ ಬರುವ ಜ್ಲಾಟ್ಕೊ
ಬೆಳಿಗ್ಗೆ ಮಗಳಿಗೆ ಹೇಳಿ ಸೋತಿದ್ದ:
ಇಂಧನ ಮುಗಿಯಿತು ಮರೀ.
ಅಲ್ಲೊಂದು ಪುಟ್ಟ ಚಂದ್ರ, ಮೈತುಂಬ ಹಿಮ,
ಬಿರುಕುಗಳಿಂದ ನೀರು ಚಿಮ್ಮುತ್ತದೆ.
ಆ ನೀರಿನಲ್ಲಿ ಏನಾದರೂ ಬದುಕಿದ್ದರೆ,
ನಮ್ಮ ಕೈಯ ಕ್ರಿಮಿ ಅದರೊಳಗೆ ಬೀಳಬಾರದು.
ಅದಕ್ಕೆ ಸುಡುವುದಾ?
ಹೂಂ, ಅದಕ್ಕೆ.

ಮಡಿ ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಹಳಿದವಳು.
ಯಾರನ್ನೋ ಬಾವಿಯಿಂದ ದೂರ ನಿಲ್ಲಿಸಲು ಹುಟ್ಟಿದ ಮಾತು.
ನಾವೇ ಮೈಲಿಗೆ ಎಂದು ಒಪ್ಪಿ
ಚಾಚಿದ ಕೈಯನ್ನೇ ಸುಟ್ಟುಕೊಂಡ ಮಡಿ
ಇದೊಂದೇ ಕಂಡದ್ದು.

ಒಂಬತ್ತೂ ಐವತ್ತೈದು.
ಮುಳ್ಳು ನಡುಗಿತು. ಅಲ್ಲಿ ಗಾಳಿ ತಳ್ಳುತ್ತಿದೆ,
ಅಲ್ಲ, ತಳ್ಳಿಯಾಗಿದೆ,
ಆದರೂ ಮುಖ ಈ ಕಡೆಗೇ ಹಿಡಿದು
ಏನನ್ನೋ ಹೇಳುತ್ತಿದೆ, ಅರ್ಧ ವಾಕ್ಯ.
ಆಮೇಲೆ ಗೆರೆ.
ಬರೀ ಗೆರೆ.

ಜ್ಲಾಟ್ಕೊ ಮೂಗು ಸೀನಿಕೊಂಡ, ಶೀತ ಎಂದ.
ಆಯ್ಲ್ಸಾ ದಾಖಲೆ ಪುಸ್ತಕದಲ್ಲಿ ವೇಳೆ ಬರೆದಳು;
ಮುಂದಿನ ಖಾನೆ 'ಷರಾ' ಕೇಳುತ್ತಿತ್ತು.
ಪೆನ್ನು ಅಲ್ಲೇ ನಿಂತು ಸಣ್ಣದೊಂದು ಚುಕ್ಕೆಯಾಯಿತು.

ಪಟ್ಟಿಯಲ್ಲಿ ಇನ್ನೊಂದು ನೌಕೆ ಕಾದಿದೆ.
ಮೋಟಾರು ಗುರುಗುಟ್ಟಿ ತಟ್ಟೆ ತಿರುಗಿತು.
ಕೆಳಗೆ ಒಂದು ಕಾಂಗರೂ ತಲೆಯೆತ್ತಿ
ಒಂದೇ ಕಿವಿಯನ್ನು ಅತ್ತ ಹೊರಳಿಸಿ
ಮತ್ತೆ ಹುಲ್ಲಿಗೆ ಬಾಯಿ ಹಾಕಿತು.