ಬಿದ್ದವನಿಗೆ ಬಣ್ಣ

ಅರಸೀಕೆರೆ ಚರ್ಚಿನ ಹಿಂದಿನ ಕೋಣೆಯಲ್ಲಿ
ಗೋಣಿಚೀಲ ಹಾಸಿ ಮಲಗಿಸಿದ್ದೇನೆ ಇಬ್ಬರನ್ನೂ:
ಮೇಲೆ ಮಿಕಾಯೇಲ, ಕಾಲ ಕೆಳಗೆ ಅವನು.
ಬಿಡಿಸಲು ಬರುವುದಿಲ್ಲ, ಒಂದೇ ಗಾರೆ, ಒಳಗೆ ಒಂದೇ ಕಂಬಿ.
ಸೆಪ್ಟೆಂಬರ್ ಇಪ್ಪತ್ತೊಂಬತ್ತಕ್ಕೆ ಹಬ್ಬ, ಇನ್ನು ಐದೇ ದಿನ.
ಮಿಕಾಯೇಲನಿಗೆ ಚಿನ್ನದ ಬಣ್ಣ, ರೆಕ್ಕೆಗೆ ಬಿಳಿ,
ಕೆಳಗಿನವನಿಗೆ "ಕಪ್ಪು, ಸ್ವಲ್ಪ ಧಾರಾಳವಾಗಿಯೇ ಇರಲಿ"
ಅಂದಿದ್ದಾರೆ ಫಾದರ್ ಮಥಾಯಸ್.

ಹೊಸತು ಕೂರಬೇಕಾದರೆ ಹಳತು ಹೋಗಬೇಕು.
ಉಪ್ಪುಕಾಗದ ಹಿಡಿದು ಕೂತೆ.
ಮೊದಲು ಮೇಣ, ಮೂವತ್ತು ವರ್ಷದ್ದು;
ಹರಕೆ ಹೊತ್ತವರೆಲ್ಲ ಇವನ ನೆತ್ತಿಯ ಮೇಲೇ
ಬತ್ತಿ ನಿಲ್ಲಿಸಿದ್ದರು. ಆಮೇಲೆ ಡಾಂಬರಿನಂಥ ಕಪ್ಪು.
ಅದರಡಿ ಹಸಿರು, ಯಾವನೋ ಹಾವು ಅಂದುಕೊಂಡಿದ್ದ.
ಅದರಡಿ ಕುಂಕುಮದ ಕೆಂಪು.
ಅದೂ ಹೋದ ಮೇಲೆ
ಎಳೆ ಗುಲಾಬಿ: ಮೇಲಿನವನ ಕೆನ್ನೆಗಿದ್ದದ್ದೇ.

ಅಳೆದೆ. ಹುಬ್ಬಿನಿಂದ ಗಲ್ಲಕ್ಕೆ ನಾಲ್ಕು ಬೆರಳು,
ಇಬ್ಬರಿಗೂ. ಎಡ ಮೂಗಿನ ಹೊಳ್ಳೆ ತುಸು ಕಿರಿದು,
ಇಬ್ಬರಿಗೂ.
ಮಾಡಿದವನು ಅಚ್ಚು ಒಂದೇ ಇಟ್ಟುಕೊಂಡಿದ್ದ,
ಖರ್ಚು ಉಳಿಸಲೋ, ಏನಾದರೂ ಗೊತ್ತಿದ್ದೋ.

ಗುಡಿಸಲು ಬಂದ ಲೂರ್ದಮ್ಮ ಬಗ್ಗಿ ನೋಡಿದಳು.
"ಅಯ್ಯೋ, ಇವನೂ ಸಮ್ಮನಸೇ ಕಣಪ್ಪ!
ಒರೆಸುವಾಗ ನಾನು ಇವನನ್ನ ಬಿಟ್ಟಿಲ್ಲ ಯಾವತ್ತೂ.
ಧೂಳಿಗೇನು, ಇಬ್ಬರ ಮೇಲೂ ಕೂರುತ್ತೆ.
ಒಂದ್ಸಲ ತಪ್ಪಾಯ್ತು ಅಂದಿದ್ದರೆ ಮುಗೀತಿತ್ತಲ್ಲ?"

ಸಂಜೆ ಫಾದರ್ ಹತ್ತಿರ ಕೇಳಿದೆ. ಟೀ ಲೋಟ ಕೆಳಗಿಟ್ಟರು.
"ಅವನು ಅನ್ನಲಾರ. ದೇವರು ಬಾಗಿಲು ಹಾಕಿದ್ದಲ್ಲ.
ನಮ್ಮ ಬುದ್ಧಿ ತಡವುತ್ತ ಹೋಗುತ್ತೆ, ಎಡವುತ್ತೆ, ತಿರುಗುತ್ತೆ.
ಅವರದ್ದು ಹಾಗಲ್ಲ, ಎಲ್ಲ ಒಂದೇ ನೋಟಕ್ಕೆ ಕಂಡು
ಬೇಡ ಅಂದದ್ದು. ಮನಸ್ಸು ಬದಲಿಸೋಕೆ
ಇನ್ನು ಹೊಸದಾಗಿ ಕಾಣಬೇಕಾದ್ದು ಏನುಳಿದಿದೆ?
ನಮಗೆ ಸಾವು ಹೇಗೋ, ಅವರಿಗೆ ಬಿದ್ದದ್ದು ಹಾಗೆ.
ಕ್ರಿಸ್ತ ತೊಟ್ಟದ್ದೂ ನಮ್ಮ ಮೈ;
ಮೈಯೇ ಇಲ್ಲದವರದ್ದು ಏನು ತೊಡೋದು?"
ಆಮೇಲೆ, ತಡೆದು, ಕಿಟಕಿಯ ಕಡೆ ತಿರುಗಿ:
"ಹಳೇ ಕಾಲದ ಒಬ್ಬ ಗುರು
ಕೊನೆಗೆ ಎಲ್ಲರೂ ಮರಳುತ್ತಾರೆ ಅಂದಿದ್ದ.
ಧರ್ಮಸಭೆ ಒಪ್ಪಲಿಲ್ಲ."
ಒಪ್ಪಲಿಲ್ಲ ಅನ್ನುವಾಗ ಅವರ ದನಿ
ನನಗೆ ಪೂರ್ತಿ ಕೇಳಲಿಲ್ಲ.

ನಮ್ಮಪ್ಪ ಚೌರಪ್ಪ ಇದೇ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್.
ಒಂದು ಬೆಳಗಿನ ಜಾವ, ಮಂಜು, ದೀಪ ಆರಿತ್ತು,
ಹಾಸನದ ಹಳಿಗೆ ಎಳೆಯಬೇಕಾದ ಸನ್ನೆ
ಎಳೆಯಲಿಲ್ಲ. ಏಳು ಗೂಡ್ಸ್ ಡಬ್ಬಿ ಮಗುಚಿದವು,
ಹಳಿಯುದ್ದ ಕಡಲೆ. ಯಾರೂ ಸಾಯಲಿಲ್ಲ.
ಹನ್ನೊಂದು ತಿಂಗಳು ಸಸ್ಪೆಂಡು.
ತಪ್ಪಾಗಿದೆ ಅಂತ ಬರೆದುಕೊಟ್ಟರೆ ಸಾಕು ಅಂದಿದ್ದರು ಮೇಲಿನವರು;
ಹತ್ತು ತಿಂಗಳು ಬರೆಯಲಿಲ್ಲ ಅಪ್ಪ.
ದೀಪದ್ದೇ ತಪ್ಪು, ದೀಪದವನದೇ ತಪ್ಪು.
ಹನ್ನೊಂದನೆಯದರಲ್ಲಿ, ಅಕ್ಕಿ ಮುಗಿದ ರಾತ್ರಿ,
ನನ್ನ ಸ್ಲೇಟಿನ ಬಳಪ ಇಸಕೊಂಡು
ನೆಲದ ಮೇಲೆ ಒಮ್ಮೆ ಬರೆದು ನೋಡಿದ.
ಅಳಿಸಿದ. ಮತ್ತೆ ಬರೆದ.

ಅವನಿಗೆ ಹಸಿವಿತ್ತು. ಮಂಜಿತ್ತು.
ಅರೆಬರೆ ಕಂಡದ್ದೇ ನಮ್ಮ ಪುಣ್ಯ.
ಇವನಿಗೋ ಹೊಟ್ಟೆಯಿಲ್ಲ,
ಅಳಿಸಿ ಬರೆಯಲು ನೆಲವಿಲ್ಲ, ಕಣ್ಣಿಗೆ ಸದಾ ಮಟಮಟ ಮಧ್ಯಾಹ್ನ.

ಹೊರಗೆ ಏಳರ ಗಾಡಿ ಬಂದು ನಿಂತಿದೆ.
ಇಲ್ಲಿ ಇಂಜಿನ್ನು ಬಿಚ್ಚಿ ಬಾಲಕ್ಕೆ ಕಟ್ಟುತ್ತಾರೆ,
ಬಂದ ದಿಕ್ಕಿಗೇ ಮುಖ ಮಾಡಿ ಹೊರಡುತ್ತೆ ಗಾಡಿ,
ಒಳಗೆ ಮಲಗಿದವರಿಗೆ ತಿಳಿಯುವುದೂ ಇಲ್ಲ.

ಕಪ್ಪು ಡಬ್ಬಿಯ ಮುಚ್ಚಳ ತೆಗೆದಿಟ್ಟಿದ್ದೇನೆ.
ಲೂರ್ದಮ್ಮ ಮನೆಗೆ ಹೊರಡುವ ಮೊದಲು
ಒದ್ದೆ ಬಟ್ಟೆ ಹಿಂಡಿ, ಯಾರೂ ಹೇಳದೆ,
ಇವನ ಕಿವಿಯ ಹಿಂದೆ ಒರೆಸಿ ಹೋದಳು,
ಸ್ಕೂಲಿಗೆ ಹೊರಟ ಮಗುವಿಗೆ ಒರೆಸಿದ ಹಾಗೆ.
ಅಲ್ಲಿ ಗಾರೆ ಇನ್ನೂ ಹಸಿ.
ಹಸಿಯಿದ್ದರೆ ಬಣ್ಣ ಹಿಡಿಯುವುದಿಲ್ಲ.
ಒಣಗಲಿ ಅಂತ ಕೂತಿದ್ದೇನೆ.